ಶಿಲುಬೆಯ ಮೇಲಿನ ಗೆರೆ

ಹಿಡೆನ್ಜೆ ದ್ವೀಪ,
ಜನವರಿ 20, 1829

ಮುದ್ದು ಮಾಲ್ಟೆಗೆ ಅಜ್ಜಿಯ ಆಶೀರ್ವಾದ.

ಮೈ ಹೇಗಿದೆ? ಕೆಮ್ಮು ನಿಂತಿತೇ? ನಾನು ಕಟ್ಟಿಕೊಟ್ಟ ಹೆಬ್ಬಾತಿನ ಕೊಬ್ಬನ್ನು ಎದೆಗೆ ಹಚ್ಚಿಕೊಳ್ಳುತ್ತಿದ್ದೀಯೋ, ಬಣ್ಣಕ್ಕೆ ಕಲಸಿಬಿಟ್ಟೆಯೋ? ನನ್ನ ಮಂಡಿ ನೋಯುತ್ತದೆ, ನಾಲಿಗೆ ಗಟ್ಟಿಮುಟ್ಟಾಗಿದೆ.

ನಿನ್ನ ಎಣ್ಣೆಬಣ್ಣದ ಚಿತ್ರ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಜಾರುಬಂಡಿಯಲ್ಲಿ ಬಂತು. ಒಲೆಯ ಪಕ್ಕದ ಗೋಡೆಗೆ ತೂಗುಹಾಕಿದೆ. ಬೂದಿ ಬಣ್ಣದ ಆಕಾಶ, ಬೋಳು ಓಕ್ ಮರಗಳು, ಎಲ್ಲಿ ನೋಡಿದರೂ ಹಿಮ. ಪಕ್ಕದ ಮನೆಯ ಟ್ರೀನೆ ಸೊಂಟದ ಮೇಲೆ ಕೈಯಿಟ್ಟು, "ಅಲ್ಲ ವೀಬ್ಕಕ್ಕಾ, ಚಳಿ ನಮ್ಮಲ್ಲೇ ಪುಕ್ಕಟೆ ಸಿಗಲ್ವಾ? ಇದನ್ನ ಬರೆಯೋಕೆ ಡ್ರೆಸ್ಡೆನ್‌ವರೆಗೂ ಹೋಗ್ಬೇಕಿತ್ತಾ?" ಅಂದಳು. "ನಿನ್ನ ಗಂಡ ಕುಡಿಯೋದನ್ನ ಮನೇಲೇ ಕೂತು ಕಲಿತ, ಅದೇನು ಚೆಂದಾನಾ?" ಎಂದು ಬಾಯಿ ಮುಚ್ಚಿಸಿದೆ. ನಿಜ ಹೇಳಲೇ? ಅವಳು ಹೋದ ಮೇಲೆ ಆ ಹಿಮವನ್ನು ಬೆರಳಿನಿಂದ ಸವರಿದೆ. ನಿನ್ನ ಕೈ ಆಡಿದ ಜಾಗವಲ್ಲವೇ.

ಆಗ ಕಣ್ಣಿಗೆ ಬಿತ್ತು, ಮರದ ಕೆಳಗಿನ ಶಿಲುಬೆ. ಅದರ ಮೇಲೆ, ನಾವು ದೋಣಿಗೂ ಗೋರಿಗೂ ಹೆಸರಿನ ಬದಲು ಕೆತ್ತುವ ನಮ್ಮ ಮನೆಯ ಗುರುತು. ನಿನ್ನ ಅಪ್ಪ ಹೆನ್ನಿಂಗ್ ಕಾಲಡಿಯ ಮಂಜುಗಡ್ಡೆ ಒಡೆದು ಮುಳುಗಿದಾಗಿನಿಂದ ಪಾದ್ರಿಗಳು ಕೇಳುತ್ತಲೇ ಇದ್ದಾರೆ, "ಒಂದು ಶಿಲುಬೆ ನೆಡೋಣಮ್ಮಾ" ಅಂತ. ನನ್ನ ಮಗನ ದೇಹ ಸಿಗದೆ ನೆಡಗೊಡುವುದಿಲ್ಲವೆಂದು ನಾನು ಹಟ ಹಿಡಿದಿರುವುದು ನಿನಗೆ ಗೊತ್ತು. ಅದಕ್ಕೇ ಚಿತ್ರದಲ್ಲಿ ನೆಟ್ಟೆಯಾ, ಕಳ್ಳ? ಬಯ್ಯೋಣವೆಂದು ಹತ್ತಿರ ಹೋದರೆ, ಗುರುತಿನ ಬಲಗಡೆ ಇನ್ನೊಂದು ಗೆರೆ! ಅಪ್ಪನ ಗುರುತು ಹಿರಿಯ ಮಗನಿಗೆ ಹಾಗೇ ಹೋಗುತ್ತದೆ. ಕಿರಿಯವನು ಒಂದು ಗೆರೆ ಸೇರಿಸಿಕೊಳ್ಳಬೇಕು. ಆ ಗೆರೆ ನಿನ್ನದು. ದೋಣಿಯ ಹುಟ್ಟಿನ ಮೇಲೆ ಅದನ್ನು ಕೆತ್ತಲು ಕಲಿಸಿದವಳೇ ನಾನು. ಅಪ್ಪನಿಗೆಂದು ಹೊರಟು, ಅಭ್ಯಾಸಬಲದಿಂದ ನಿನ್ನದನ್ನೇ ಬರೆದೆಯೋ? ಇಲ್ಲ, ಆ ದೂರದ ಊರಿನಲ್ಲಿ ಒಬ್ಬನೇ ಕೂತು ಸಾಯುವ ಯೋಚನೆ ಮಾಡುತ್ತಿದ್ದೀಯೋ? ಸುಳ್ಳು ಹೇಳದೆ ಬರೆ.

ನಿನ್ನಣ್ಣ ಹೊಗೆಯಲ್ಲಿ ಒಣಗಿಸಿದ ಮೀನು ಕಳಿಸಿದ್ದಾನೆ. ಯಾರಿಗೂ ಹಂಚದೆ ತಿನ್ನು. ದೇವರು ನಿನ್ನ ಎದೆಯನ್ನು ಬೆಚ್ಚಗಿಡಲಿ.

ನಿನ್ನ ಅಜ್ಜಿ,
ವೀಬ್ಕೆ

ಇನ್ನೊಂದು ಮಾತು. ಜಾರುಬಂಡಿಯವನು ಬಾಗಿಲಲ್ಲಿ ಕೂಗುತ್ತಿದ್ದಾನೆ. ನಿನ್ನ ಉತ್ತರ ಬರುವವರೆಗೆ ಆ ಗೆರೆಯನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ. ಮೀನಿನ ಚಾಕುವಿನಿಂದ ಹೆರೆದು ತೆಗೆದೆ. ಸ್ವಲ್ಪ ಹಿಮವೂ ಕಿತ್ತುಬಂತು, ಬಯ್ಯಬೇಡ. ಈಗ ಅದು ಹೆನ್ನಿಂಗನ ಶಿಲುಬೆ. ಪಾದ್ರಿಗಳಿಗೂ ಹೂಂ ಅಂದಿದ್ದೇನೆ. ಮರ ನಿನ್ನಣ್ಣ ಕಡಿಯುತ್ತಾನೆ, ಗುರುತು ಕೆತ್ತಲು ನೀನೇ ಬರಬೇಕು. ಮಂಜುಗಡ್ಡೆ ತೆಳುವಾಗುವ ಮೊದಲು ಬಾ, ಮಗಾ.