ಕಾರಿಗೆ ಹಾಕಿದ ಗೊಟ್ಟ

ಜೂನ್ 9, ಸೋಮವಾರ, ಸಂಜೆ 7
ಸುರಪುರದಿಂದ ಶಹಾಪುರಕ್ಕೆ ನಲವತ್ತು ನಿಮಿಷ. ಕಾರು ಕೊಂಡ ಮೇಲೆ ಕಚೇರಿಗೆ ಒಂದು ದಿನವೂ ತಡವಾಗಿಲ್ಲ. ಅವ್ವ ಅಬ್ಬೆತುಮಕೂರು ಮಠದ ಕರಿದಾರ ಕಳಿಸಿದ್ದಾಳೆ. ಕನ್ನಡಿಗೆ ಕಟ್ಟಿದರೆ ಭಾವ, ನನ್ನ ಗಂಡನ ಅಣ್ಣ, ಬಿಡುವುದಿಲ್ಲ. "ಆಫೀಸಿನ ಮೇಡಮ್ಮಗೂ ದೃಷ್ಟಿ ಆಗತೈತೇನು?" ಎಂದು ಊರಿಗೆಲ್ಲ ಹೇಳುತ್ತಾರೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಕುತ್ತಿಗೆಗೆ ಸುತ್ತಿ ಕಟ್ಟಿದೆ. ಅಲ್ಲಿ ಯಾರು ನೋಡುತ್ತಾರೆ?

ಜೂನ್ 11, ಕಾರಹುಣ್ಣಿಮೆ
ರಜೆ ಹಾಕಿದೆ. ಭಾವ ಎತ್ತು ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬಿದಿರಿನ ಗೊಟ್ಟದಿಂದ ಬಾಯಿಗೆ ಎಣ್ಣೆ-ಅರಿಶಿನ ಹೊಯ್ದರು. ವರ್ಷವಿಡೀ ದುಡಿಯುತ್ತವಲ್ಲ, ಮೈಗೆ ಕಸುವು ಬರಲಿ ಎಂದು. ಆಮೇಲೆ ಕಾರಿನ ಕೀಲಿ ಕೇಳಿದರು.
"ಒಂದ್ ರೌಂಡ್ ಹೋಗಿ ಬರ್ತೀನವಾ."
ಅರ್ಧ ಗಂಟೆಗೆ ವಾಪಸ್. ಮುಖದಲ್ಲಿ ಎಂಥದೋ ನಗು. ಕೇಳಿದರೆ ಏನಿಲ್ಲ ಅಂದರು.

ಜೂನ್ 13
ಹತ್ತಿಗೂಡೂರು ದಾಟುವಾಗ ಸ್ಟಿಯರಿಂಗ್ ಮುಂದೆ ಹಳದಿ ದೀಪ. ಎಂಜಿನ್ ಚಿತ್ರದ್ದು. ಆಫ್ ಮಾಡಿ, ಆನ್ ಮಾಡಿ ನೋಡಿದೆ... ಹೋಗಲಿಲ್ಲ.

ಜೂನ್ 15, ಭಾನುವಾರ
ಕೀಲಿ ಹೋಯಿತು.
ಶಿರವಾಳದಿಂದ ಭಾವನ ಬೀಗರು ಬಂದಿದ್ದರು. ದೀಪದ ವಿಷಯ ಪಡಸಾಲೆಯಲ್ಲೇ ಎದ್ದಿತು.
"ಗೇರ್ ಹಂಗ ಎಳದಾಡಿದ್ರ ಎಂಜಿನ್ ಏನ್ ಮಾಡೀತು?" ಭಾವ ಅಂದರು. "ಯಾದಗಿರಿಗೆ ಒಯ್ದು ತೋರಸ್ತೀನಿ. ಅಲ್ಲೀತನಕ ಬಸ್ಸಿಗೆ ಹೋಗವಾ."
ಕೀಲಿ ಅವರ ಅಂಗಿಯ ಜೇಬಿಗೆ. ನನ್ನ ಗಂಡ ಪರಮಣ್ಣ ಚಹಾ ಊದುತ್ತ ಕೂತಿದ್ದ. ನನ್ನ ಕಾರು, ನನ್ನ ಹೆಸರು, ನನ್ನ ಸಂಬಳ. ಬೀಗರು ಹಲ್ಲು ಕಿಸಿದರು. ಒಂದೊಂದು ಹಲ್ಲೂ ನೆನಪಿಟ್ಟುಕೊಂಡಿದ್ದೇನೆ.

ಜೂನ್ 26
ಹನ್ನೊಂದು ದಿನ ಬಸ್ಸು. ಬಿತ್ತನೆ ಮುಗಿಯದೆ ಭಾವನಿಗೆ ಪುರುಸೊತ್ತಿಲ್ಲವಂತೆ. ಎರಡು ಸಲ ತಡವಾಗಿ ಕಚೇರಿಯಲ್ಲಿ ಮೆಮೊ ಕೊಟ್ಟರು.
ಇವತ್ತು ದೀಪದ ಕಾರಣ ಸಿಕ್ಕಿತು! ಬಸ್ ಸ್ಟ್ಯಾಂಡಿನ ಹತ್ತಿರದ ಬಂಕಿನಲ್ಲಿ ಪೆಟ್ರೋಲ್ ಹಾಕುವ ಭಾಗಮ್ಮ ತಾನಾಗಿಯೇ ಕೇಳಿದಳು.
"ಅಕ್ಕಾರ, ಗಾಡಿ ಭಾರಿ ಓಡಾಕತ್ತಿರಬೇಕಲ್ರಿ? ಹಬ್ಬದ ದಿನ ನಿಮ್ಮ ಭಾವಾರು ಪ್ರೀಮಿಯಂ ಪೆಟ್ರೋಲ್ ಹಾಕಿಸಿದ್ರು, ಹೆಚ್ಚು ಆಕ್ಟೇನಿನ ತುಟ್ಟಿ ಮಾಲು. ಎತ್ತಿಗೆ ಗೊಟ್ಟ ಹಾಕಿ ಬಂದೇನಿ, ನಮ್ಮ ತಂಗಿ ಗಾಡಿಗೂ ಚಲೋದು ಕುಡಸು ಅಂದ್ರು."
ಹಬ್ಬದ ದಿನ ಭಾವನ ಆ ನಗು ಇದಕ್ಕೇ! ಬಸ್ಸಿನಲ್ಲಿ ಮೊಬೈಲು ನೋಡಿದೆ. ಪೆಟ್ರೋಲು ಬದಲಿಸಿದ ಮೇಲೆ ದೀಪ ಬಂತು ಎಂದು ಎಷ್ಟೋ ಮಂದಿ ಬರೆದಿದ್ದಾರೆ. ಮಾಡಿದ್ದು ಅವರು, ಅನ್ನಿಸಿಕೊಂಡಿದ್ದು ನಾನು.
ಮನೆಯಲ್ಲಿ ಬಾಯಿ ಬಿಡಲಿಲ್ಲ. ಭಾನುವಾರ ಬೀಗರು ಮತ್ತೆ ಬರುತ್ತಾರೆ. ಕಾಯುತ್ತೇನೆ.

ಜೂನ್ 29, ಭಾನುವಾರ
ಅದೇ ಪಡಸಾಲೆ. ಅದೇ ಬೀಗರು. ಚಹಾ ಕೊಟ್ಟು ನಿಂತೆ.
"ಭಾವಾರು ನನ್ನ ಕಾರನ್ನ ಎತ್ತು ಅಂತ ತಿಳಕೊಂಡಾರ್ರಿ. ಹಬ್ಬಕ್ಕ ಅದಕ್ಕೂ ಗೊಟ್ಟ ಹಾಕ್ಯಾರ. ಅದಕ್ಕ ಹೊಟ್ಟಿ ಕೆಟ್ಟು ದೀಪ ಹಚ್ಚೈತಿ."
ಬೀಗರು ಹೊಟ್ಟೆ ಹಿಡಿದು ನಕ್ಕರು. ಪರಮಣ್ಣನಿಗೆ ಚಹಾ ನೆತ್ತಿಗೆ ಹತ್ತಿತು. ಭಾವನ ಕಿವಿ ಕೆಂಪಾಯಿತು.
"ಹಾಕಿಸಿದ್ದು ಖರೆ ಅದವಾ," ಅಂದರು. ಅಷ್ಟೇ.
ಆಹಾ, ಆ ಮುಖ! ಎರಡು ವಾರದ ಬಸ್ಸಿನ ನೂಕಾಟ ಇವತ್ತು ವಸೂಲಾಯಿತು.

ಜುಲೈ 2
ಬಿತ್ತನೆ ಬಿಟ್ಟು ಭಾವ ಯಾದಗಿರಿಗೆ ಹೋಗಿ ಬಂದರು. ದೀಪ ಆರಿದೆ. ಕೀಲಿಯನ್ನು ಎಲ್ಲರ ಮುಂದೆ ನನ್ನ ಕೈಗೆ ಕೊಟ್ಟರು.
"ತಪ್ಪು ನಂದ ಆಗಿತ್ತು. ಗಾಡಿ ನೀನ ಚಲೋ ಹೊಡೀತಿ."
ನಾನು ಥ್ಯಾಂಕ್ಸ್ ಸಹ ಹೇಳಲಿಲ್ಲ. ಯಾಕೆ ಹೇಳಬೇಕು?

ಜುಲೈ 9, ಸಂಜೆ
ಬಂಕಿಗೆ ಹೋಗಿದ್ದೆ. ಭಾಗಮ್ಮ ಮುಚ್ಚಳ ತೆಗೆದಳು. ಅದರ ಕುತ್ತಿಗೆಯಲ್ಲಿ ದಾರ ಇರಲಿಲ್ಲ. ಮುಚ್ಚಳದ ಹೊರಗಿನ ಪುಟ್ಟ ಬಾಗಿಲಿನ ಕೊಂಡಿಗೆ ಕಟ್ಟಿತ್ತು. ಅದೇ ಕರಿದಾರ, ನಡುವೆ ಜಜ್ಜಿ ಚಪ್ಪಟೆಯಾಗಿದೆ. ಗಂಟು ನನ್ನದಲ್ಲ. ಎತ್ತು ಕಟ್ಟುವ ಹಗ್ಗಕ್ಕೆ ಭಾವ ಹಾಕುವ ಗಂಟು.
ಅಲ್ಲಿಂದಲೇ ಯಾದಗಿರಿಯ ಮೆಕ್ಯಾನಿಕ್ ಮಕ್ತುಮಸಾಬರಿಗೆ ಫೋನ್ ಮಾಡಿದೆ.
"ಪೆಟ್ರೋಲ್ ಏನೂ ಮಾಡಿಲ್ರಿ ಮೇಡಂ. ಮುಚ್ಚಳದ ರಬ್ಬರಿನಾಗ ದಾರ ಸಿಕ್ಕೊಂಡಿತ್ತು. ಗಾಳಿ ಹೊಂಟಿತ್ತು, ಅದಕ್ಕ ಲೈಟ್. ಭಾವಾರು ಮನ್ಯಾಗ ಹೇಳಿಲ್ಲೇನ್ರಿ?"
ಹೇಳಿಲ್ಲ. ಒಂದು ವಾರವಾಯಿತು, ಹೇಳಿಲ್ಲ. ನನ್ನ ಹಾಗೆ ಭಾನುವಾರ ಕಾದು, ದಾರ ಎತ್ತಿ ತೋರಿಸಬಹುದಿತ್ತು. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಅದಕ್ಕೂ ಜಾಗ ಬಿಟ್ಟಿಲ್ಲ ಈ ಮನುಷ್ಯ. ಸಿಟ್ಟು ಇನ್ನೂ ಇದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ನಾಚಿಕೆಯಾಗುತ್ತಿದೆ.

ರಾತ್ರಿ 8
ಕೆಳಗೆ ಬೀಗರು ಬಂದಿದ್ದಾರೆ. "ಏನ್ರಿ, ಟ್ರ್ಯಾಕ್ಟರಿಗೆ ಯಾವಾಗ ಗೊಟ್ಟ?" ಎಂದು ಕೇಳುತ್ತಿದ್ದಾರೆ. ಭಾವನೂ ಅವರ ಜೊತೆ ನಗುತ್ತಿದ್ದಾರೆ.
ಎಲ್ಲರ ಮುಂದೆ ಆಡಿದ ಮಾತು, ಎಲ್ಲರ ಮುಂದೆಯೇ ಹೇಳಬೇಕು. ದಾರ ಬಿಚ್ಚಿಕೊಂಡು ಬಂದಿದ್ದೇನೆ, ಕೈಯಲ್ಲಿದೆ. ಇಳಿದು ಹೋಗಿ, "ಭಾವಾರ, ಆ ದೀಪ ಹಚ್ಚಿದಾಕಿ ನಾನರಿ" ಎಂದು ಹೇಳುತ್ತೇನೆ.