ಎಡಗಡೆಯ ಹಸಿರು

ಬಿಂದು,

ಮಹೇಂದ್ರನ ವರ್ಷದ ತಿಥಿಗೆ ಅಯ್ಯನವರಿಗೆ ಹೇಳಿಬರಲು ನಂಜನಗೂಡಿಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿನ್ನು.

ಇವತ್ತು ಅವನ ಮೀನಿನ ತೊಟ್ಟಿಯ ಪಾಚಿ ಬೆಳೆಸುವ ಜಾಲರಿ ಕೆರೆಯುವ ದಿನ. ಲೈಟ್ ಆರಿಸಿ ಜಾಲರಿ ತೆಗೆದು, ಬಲಗಡೆ ಅರ್ಧ ಮಾತ್ರ ಕೆರೆ. ಎಡಗಡೆಯ ಹಸಿರು ಹಾಗೇ ಇರಲಿ. ಆ ಉಪ್ಪುನೀರಿನ ಕೊಳೆ ಹೀರುವುದು ಅದೇ. ಹಿತ್ತಾಳೆ ದೀಪದ ಹಾಗೆ ಹುಣಸೆಹಣ್ಣು ಹಾಕಿ ಪೂರ್ತಿ ತಿಕ್ಕಿ, ನಾನು ಅವನ ಎರಡು ಮೀನು ಕೊಂದದ್ದು ಸಾಕು.

ಹೋದ ವಾರವೂ ಮೈಮರೆತು ಎಡಕ್ಕೆ ಕೈ ಹಾಕಿದ್ದೆ. "ಅರ್ಧ ಬುಡಮ್ಮ" ಅಂತ ಬೆನ್ನ ಹಿಂದೆ ಅವನದೇ ದನಿ. ತಿರುಗಿದರೆ ಯಾರೂ ಇಲ್ಲ, ತೊಟ್ಟಿಯ ನೀರಿನ ಸದ್ದಷ್ಟೇ.

ನಿನಗೂ ಕೇಳಿಸಿದರೆ ಹೆದರಬೇಡ ಕಣಮ್ಮ. "ಆಯ್ತು ಕಣ್ರೀ" ಅನ್ನು. ತಿರುಗಿ ಮಾತ್ರ ನೋಡಬೇಡ. ನಾನು ನೋಡಿದ್ದಕ್ಕೇ ಅವನ ಮಾತು ನಿಂತುಹೋಯಿತು.

ಅತ್ತೆ