ಹಸಿರು ದೀಪ ಹತ್ತುವವರೆಗೆ

ಚಾಮರಾಜಪೇಟೆ, ಬೆಂಗಳೂರು
೧೮ ಆಗಸ್ಟ್ ೨೦೨೫

ಮಗಳು ವಿಶಾಖಾಳಿಗೆ ನಿನ್ನ ದೊಡ್ಡಪ್ಪನ ಜೈ ಭೀಮ್.

'ನಾನು ಚೆನ್ನಾಗಿದ್ದೇನೆ' ಎಂದು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ಹನ್ನೊಂದು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಕೋಪ ಮಾಡಿಕೊಳ್ಳಬೇಡ. ನಿನ್ನ ಲ್ಯಾಬ್ ನೋಡಲು ನೀನು ನನ್ನನ್ನು ಪ್ರೀತಿಯಿಂದ ಕರೆಸಿಕೊಂಡೆ. ಕ್ಯಾಂಟೀನಿನಲ್ಲಿ ನೀನು ನನಗೆ ತಟ್ಟೆ ತರಲು ಹೋದಾಗ ನಾನು ಹೇಳದೆ ಕೇಳದೆ ಬಸ್ ಹತ್ತಿಬಿಟ್ಟೆ. ಮಂಡಿನೋವು ಅಂತ ನಿಮ್ಮಮ್ಮ ಸಿದ್ದಮ್ಮನಿಗೆ ಹೇಳಿದೆ. ಥೂ, ಈ ವಯಸ್ಸಿನಲ್ಲೂ ಸುಳ್ಳು.

ನಿನ್ನ ಯಂತ್ರದ ವಿಷಯ ಮಾತ್ರ ಬೀದಿಗೆಲ್ಲ ಹೇಳಿದ್ದೇನೆ. ಎದುರುಮನೆ ಜಾನಕಮ್ಮ, "ಅದೇನ್ರೀ ಮಾಡ್ತಾಳೆ ನಿಮ್ ಹುಡುಗಿ?" ಅಂದರು. ಮಂಗಳ ಗ್ರಹಕ್ಕೆ ಹೋದ ರಾಕೆಟ್ ವಾಪಸ್ ಬರಲು ಬೇಕಾದ ಇಂಧನವನ್ನು ಇಲ್ಲಿಂದ ಹೊತ್ತುಕೊಂಡು ಹೋಗುವುದಿಲ್ಲ, ಅಲ್ಲಿನ ಗಾಳಿಗೆ ಅಲ್ಲಿನ ಮಂಜುಗಡ್ಡೆಯಿಂದ ತೆಗೆದ ಜಲಜನಕ ಸೇರಿಸಿ ಬಿಸಿ ನಿಕ್ಕಲ್ ಮೇಲೆ ಹಾಯಿಸಿದರೆ ಮೀಥೇನ್ ಸಿಗುತ್ತದೆ ಎಂದು, ನೀನು ಹೇಳಿಕೊಟ್ಟ ಹಾಗೇ ಒಪ್ಪಿಸಿದೆ. "ಅಂದ್ರೆ ಹೋಗೋವಾಗ ಬುತ್ತಿ, ಬರೋವಾಗ ಅಲ್ಲೇ ಅಡುಗೆ ಅನ್ನಿ" ಅಂದರು. ಸರಿಯಾಗೇ ಅಂದರು. ನನಗೆ ನಗು ಬಂತು. ಮ್ಯಾನ್‌ಹೋಲ್ ಕೆಲಸದ ನಾವು ಜೀವಮಾನವೆಲ್ಲ ಹೆದರಿದ ಗ್ಯಾಸನ್ನು ಓದಿದವರು ನೀವು ಕಷ್ಟಪಟ್ಟು ತಯಾರಿಸುತ್ತೀರಲ್ಲ ತಾಯಿ!

ಅವತ್ತು ನೀನು ನಮ್ಮನ್ನೆಲ್ಲ ಬಾಗಿಲ ಹೊರಗೇ ನಿಲ್ಲಿಸಿದೆ. ಒಳಗೆ ಗ್ಯಾಸ್ ಸೋರಿಲ್ಲವೆಂದು ಮೀಟರ್ ಹೇಳಿ ಹಸಿರು ದೀಪ ಹತ್ತುವವರೆಗೆ ಯಾರೂ ಹೋಗಬಾರದು ಅಂದೆ. ನಿಮ್ಮ ದೊಡ್ಡ ಸಾಹೇಬರು ಗಡಿಯಾರ ನೋಡಿ ಗೊಣಗಿದರು. ನೀನು ಜಗ್ಗಲಿಲ್ಲ. "ಸರ್, ನಮ್ಮಪ್ಪ ಅವಸರ ಮಾಡಿ ಮ್ಯಾನ್‌ಹೋಲ್‌ಗೆ ಇಳಿದು ತೀರ್ಕೊಂಡ್ರು. ದೊಡ್ಡಪ್ಪ ಬೇಡ ಅಂದ್ರೂ ಕೇಳ್ಲಿಲ್ಲ. ನಾನು ಅವಸರ ಮಾಡಲ್ಲ" ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬ ಹೆಣ್ಣುಮಗಳು ಬಂದು ನನಗೆ ಕೈಮುಗಿದಳು. ನಾಚಿಕೆಯಿಂದ ಸತ್ತುಹೋದೆ. ಅದಕ್ಕೇ ಊಟಕ್ಕೆ ನಿಲ್ಲಲಿಲ್ಲ.

ಬರುವ ಶನಿವಾರ ಮಲ್ಲೇಶ್ವರಂನ ನಿನ್ನ ಹಳೇ ಶಾಲೆಯ ಮಕ್ಕಳಿಗೂ ನಿಮ್ಮಪ್ಪನ ಈ ಮಾತನ್ನೇ ಹೇಳುತ್ತೀಯಂತೆ. ನಿಮ್ಮಮ್ಮ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ. ನಾನು ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧಗುರು ನಿನ್ನನ್ನೂ ನಿನ್ನ ಯಂತ್ರವನ್ನೂ ಕಾಪಾಡಲಿ.

ನಿನ್ನ ದೊಡ್ಡಪ್ಪ ಎನ್ನಿಸಿಕೊಂಡ,
ಕಾಳಪ್ಪ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ದಂಡ.

ನಿಮ್ಮಪ್ಪ ಸತ್ತ ದಿನ ಚಿಕ್ಕಪೇಟೆಯ ಗಲ್ಲಿಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಐದು ನಿಮಿಷವೂ ಆಗಿರಲಿಲ್ಲ. ಒಂದು ಗಂಟೆ ತೆರೆದಿಡಬೇಕು, ಒಳಗೆ ಜಿರಲೆ ಓಡಾಡುವುದು ಕಂಡು ವಿಷಗಾಳಿ ಇಲ್ಲವೆಂದು ಗೊತ್ತಾಗಬೇಕು, ಆಮೇಲೆ ಇಳಿಯಬೇಕು. ನಮ್ಮವರ ರೂಢಿ ಅದು. ಹಬ್ಬದ ವ್ಯಾಪಾರ, ಕೊಳಚೆ ಉಕ್ಕಿ ಅಂಗಡಿ ಮೆಟ್ಟಿಲಿಗೆ ಬಂದಿತ್ತು. ಸೀರೆ ಅಂಗಡಿಯವರು ಮೂಗು ಮುಚ್ಚಿಕೊಂಡು ನನ್ನನ್ನು ಬೈಯುತ್ತಿದ್ದರು. ಮೇಸ್ತ್ರಿ ನಾನು, ಎಲ್ಲರೆದುರು ಮರ್ಯಾದೆ ಹೋಯಿತೆನ್ನಿಸಿತು. "ಇಳಿಯೋ, ಏನೂ ಆಗಲ್ಲ" ಅಂದೆ. ನಿಮ್ಮಪ್ಪ ಮುತ್ತುರಾಜ್ ನನಗೆ ಎಂದೂ ಎದುರಾಡಿದವನಲ್ಲ. ಇಳಿದ. ಪೊಲೀಸರು ಕೇಳಿದಾಗ, "ನಾನು ಬೇಡ ಅಂದೆ ಸ್ವಾಮಿ, ಅವನೇ ಅವಸರ ಮಾಡಿದ" ಅಂದುಬಿಟ್ಟೆ. ನಿನಗಾಗ ನಾಲ್ಕು ವರ್ಷ. ಅದೇ ಸುಳ್ಳನ್ನು ನಿನಗೂ ಹೇಳಿ ಬೆಳೆಸಿದೆ.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿಮ್ಮಮ್ಮನಿಗೂ ಹೇಳಿರುತ್ತೇನೆ. ಇನ್ನು ಮುಂದೆ ದೊಡ್ಡಪ್ಪ ಅನ್ನುವುದು, ಬಿಡುವುದು ನಿನ್ನಿಷ್ಟ. ಶನಿವಾರ ಆ ಮಕ್ಕಳ ಮುಂದೆ ಮಾತ್ರ ನಿಮ್ಮಪ್ಪನನ್ನು ಅವಸರದವನು ಅನ್ನಬೇಡ. ಇಳಿಯುವ ಮೊದಲು ಅವನು ಅಂದದ್ದು ಇಷ್ಟೇ: "ಇನ್ನೊಂಚೂರು ಕಾಯೋಣ, ಅಣ್ಣಾ."